ಮೇಗಳ ಬೀದಿಯ ಇಪ್ಪತ್ತೆರಡು ಮನೆ

ರೇಷ್ಮೆ ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ದಿನವೇ ಅಂಗನವಾಡಿ ಆಫೀಸಿನ ಕಾಗದ ಬಂತು. ಒಂದು ದಿನವೆಲ್ಲ ಉಪವಾಸವಿದ್ದು ತಲೆಯೆತ್ತಿದ ಅಷ್ಟೂ ಹುಳುಗಳಿಗೆ ಸೊಪ್ಪು ಹಾಕುವ ಹೊತ್ತಿನಲ್ಲಿ ರಾಮಲಕ್ಷ್ಮಮ್ಮನಿಗೆ ಯಾವ ಕಾಗದವನ್ನೂ ನೋಡುವ ಪುರುಸೊತ್ತಿರಲಿಲ್ಲ. ಆದರೆ ಸೊಸೆ ಶಿರೀಷಾ ಹುಳುಮನೆಯ ಬಾಗಿಲಲ್ಲಿ ನಿಂತ ರೀತಿ ನೋಡಿ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು.

"ನಾವು ಈ ಊರೋರೇ ಅಲ್ವಂತೆ ಅತ್ತೆ."

"ಯಾರಂದಿದ್ದು ಹಂಗಂತ?"

ಶಿರೀಷಾ ಕಾಗದ ಚಾಚಿದಳು. ಯರ್ರಕುಂಟೆ ಅಂಗನವಾಡಿ ಕಾರ್ಯಕರ್ತೆ ಹುದ್ದೆಯ ತಾತ್ಕಾಲಿಕ ಪಟ್ಟಿಯಲ್ಲಿ ಮೊದಲನೆಯವರಾದ ಶಿರೀಷಾ ಕೋಂ ನರೇಂದ್ರ ಇವರು ಸದರಿ ಗ್ರಾಮದ ನಿವಾಸಿಯೇ ಎಂಬ ಬಗ್ಗೆ ಸಂಶಯವಿರುವುದರಿಂದ, ಬರುವ ಗುರುವಾರ ಸ್ಥಳ ಪರಿಶೀಲನೆ ನಡೆಸಲಾಗುವುದು ಎಂದು ಅದರಲ್ಲಿತ್ತು. ರಾಮಲಕ್ಷ್ಮಮ್ಮ ಎರಡು ಸಲ ಓದಿದಳು. ಏಳನೇ ಕ್ಲಾಸಿನವರೆಗೆ ಕಲಿತವಳು, ದಿನವೂ ಪೇಪರು ಓದುವವಳು. ಓದಿದ್ದರಲ್ಲಿ ಅವಳ ಕಣ್ಣು ನಿಂತದ್ದು ಒಂದೇ ಮಾತಿನ ಮೇಲೆ. ಸಂಶಯ. ಸಂಶಯ ಅನ್ನುವುದು ಆಫೀಸಿನ ಮೇಜಿನ ಮೇಲೆ ತಾನಾಗಿ ಹುಟ್ಟುತ್ತದೆಯೇ? ಯಾರೋ ಹೋಗಿ ಹುಟ್ಟಿಸಿ ಬಂದಿರಬೇಕು.

ಮದುವೆಯಾಗಿ ಆರು ವರ್ಷ ಶಿರೀಷಾ ಈ ಮನೆಯಲ್ಲಿ ಸೊಪ್ಪು ಹೆಚ್ಚಿದ್ದಳು, ಕಸ ತೆಗೆದಿದ್ದಳು, ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟಿದ್ದಳು. ಬಾಗೇಪಲ್ಲಿ ಕಡೆಯ ಹುಡುಗಿ. ಪಿಯುಸಿಯಲ್ಲಿ ಫಸ್ಟ್ ಕ್ಲಾಸು. ಆ ಪಟ್ಟಿ ಬಂದ ದಿನ ಅವಳು ಫೋನಿನಲ್ಲಿ ತನ್ನ ಹೆಸರನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದುದನ್ನು ರಾಮಲಕ್ಷ್ಮಮ್ಮ ಅಡುಗೆಮನೆಯಿಂದ ಕಂಡಿದ್ದಳು. ಬೆಳಿಗ್ಗೆ ಒಂಬತ್ತಕ್ಕೆ ಒಂದು ಸೀರೆಯುಟ್ಟು ತನ್ನದೇ ಒಂದು ಕೆಲಸಕ್ಕೆ ಮನೆಯಿಂದ ಹೊರಡುವುದು ಅಂದರೆ ಹೆಂಗಸಿಗೆ ಏನು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿಂದ ಬಂದದ್ದು ಮಾತ್ರ, "ಹಂಗಾರೆ ಇನ್ಮೇಲೆ ಹುಳ ಯಾರು ನೋಡ್ಕೊಳ್ತಾರೆ?" ಅಂತ. ಆ ಮಾತು ಇನ್ನೂ ಮನೆಯಲ್ಲೇ ಓಡಾಡಿಕೊಂಡಿತ್ತು.

ಗಂಡ ನರಸಿಂಹಪ್ಪ ಮಧ್ಯಾಹ್ನ ಉಣ್ಣಲು ಬಂದಾಗ ಕಾಗದ ತೋರಿಸಿದಳು. ಅವನು ಕನ್ನಡಕ ಹಾಕಿಕೊಳ್ಳದೆ ನೋಡಿ ವಾಪಸು ಕೊಟ್ಟ.

"ನಮ್ ತಾತ ಮುತ್ತಾತ ಎಲ್ಲಾ ಯರ್ರಕುಂಟೆ ಮಣ್ಣಲ್ಲೇ ಹೋದೋರು. ಇವ್ರೇನು ಹೇಳೋದು? ಜಿಲ್ಲೆ ಒಡೆದ್ರು, ಕೋಲಾರ ಅಂತಿದ್ದೋರ್ನ ಚಿಕ್ಕಬಳ್ಳಾಪುರ ಅಂದ್ರು. ಬೋರ್ಡು ಬದಲಾಯ್ತು, ನಾವು ಬದಲಾದ್ವಾ?"

"ಹಂಗಾರೆ ರೇಷನ್ ಕಾರ್ಡು?"

"ಅದು ಬರೀ ವೋಟಿಂದು ಕಣೇ," ಅಂದ ನರಸಿಂಹಪ್ಪ. ಮುದ್ದೆ ಮುರಿಯುತ್ತಿದ್ದ ಕೈ ಒಂದು ಗಳಿಗೆ ನಿಂತು ಮತ್ತೆ ನಡೆಯಿತು.

ಯರ್ರಕುಂಟೆ ಶಿಡ್ಲಘಟ್ಟ ತಾಲ್ಲೂಕಿನ ಊರು. ಮೇಗಳ ಬೀದಿ ಆ ಊರಿನದೇ ಬೀದಿ. ಆದರೆ ಅಲ್ಲಿನ ಇಪ್ಪತ್ತೆರಡು ಮನೆಗಳು ಕಟ್ಟಿಕೊಂಡಿದ್ದ ಹೊಲಗಳ ಸರ್ವೆ ನಂಬರು ಮಾತ್ರ ಪಕ್ಕದ ದೊಡ್ಡಿಪಲ್ಲಿಗೆ, ಅಂದರೆ ಚಿಂತಾಮಣಿ ತಾಲ್ಲೂಕಿಗೆ ಸೇರಿತ್ತು. ನಕ್ಷೆ ನೋಡದವರಿಗೆ ಅದು ಗೊತ್ತೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಒಂಬತ್ತು ವರ್ಷದ ಹಿಂದೆ ಮೇಗಳ ಬೀದಿಯ ಗಂಡಸರಿಗೆ ಅದು ಇದ್ದಕ್ಕಿದ್ದಂತೆ ಬೇಕಾಗಿ ಬಂತು. ಇಪ್ಪತ್ತೆರಡು ಮನೆಯ ವೋಟು ದೊಡ್ಡಿಪಲ್ಲಿಗೆ ಹೋಯಿತು. ಹಿಂದೆಯೇ ರೇಷನ್ ಕಾರ್ಡೂ ಹೋಯಿತು. ವೋಟು ಹಾಕಲು ಆಚೆ, ಬಾಳುವುದಕ್ಕೆ ಈಚೆ. ಹಾಲು ಈಚೆಯ ಡೇರಿಗೆ, ಗಂಗಮ್ಮನ ಪೂಜೆ ಈಚೆ, ಹೆಣ ಹೂಳುವುದು ಈಚೆ. ಊರನ್ನು ಬಿಡದೆ ಊರಿನ ಪಟ್ಟಿಯನ್ನು ಮಾತ್ರ ಬಿಡಬಹುದು ಎಂದು ಎಲ್ಲರೂ ತಿಳಿದಿದ್ದರು. ರಾಮಲಕ್ಷ್ಮಮ್ಮನೂ ಹಾಗೇ ತಿಳಿದಿದ್ದಳು. ಆಮೇಲೆ ಅದರ ಬಗ್ಗೆ ಯೋಚಿಸುವುದನ್ನೇ ಬಿಟ್ಟಿದ್ದಳು.

ಈಗ ಅವಳು ಯೋಚಿಸುತ್ತಿದ್ದುದು ಬೇರೆ. ಪಟ್ಟಿಯಲ್ಲಿ ಎರಡನೆಯ ಹೆಸರು ಯಾರದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಸಂಘಮಿತ್ರ. ಕೆಳಗಳ ಬೀದಿಯ ಲಕ್ಷ್ಮಿದೇವಮ್ಮನ ಮಗಳು. ಬಿಎ ಓದಿದವಳು, ಊರಲ್ಲೇ ಮದುವೆಯಾದವಳು. ಶಿರೀಷಾಗೂ ಅವಳಿಗೂ ಎರಡೇ ಅಂಕದ ವ್ಯತ್ಯಾಸ. ಮೊದಲನೆಯವಳು ಊರಿನವಳಲ್ಲ ಎಂದಾದರೆ ಕೆಲಸ ಎರಡನೆಯವಳದು. ಇದಕ್ಕಿಂತ ಬಿಡಿಸಿ ಹೇಳುವುದೇನಿದೆ?

ಕಳೆದ ಸೋಮವಾರ ಸಂಘಮಿತ್ರ ಶಿಡ್ಲಘಟ್ಟದ ಬಸ್ಸಿನಿಂದ ಇಳಿದದ್ದನ್ನು ಅವಳು ನೋಡಿದ್ದಳು. ಕೈಯಲ್ಲಿ ನೀಲಿ ಫೈಲು. ರಾಮಲಕ್ಷ್ಮಮ್ಮನನ್ನು ಕಂಡು "ಚೆನ್ನಾಗಿದ್ದೀರಾ ಆಂಟಿ" ಅಂದವಳೇ ಫೈಲನ್ನು ಆ ಕಂಕುಳಿಂದ ಈ ಕಂಕುಳಿಗೆ ಬದಲಾಯಿಸಿದಳು. ಆವತ್ತು ಅದೇನೂ ಅನ್ನಿಸಿರಲಿಲ್ಲ. ಇವತ್ತು ಅನ್ನಿಸಿತು.

ಲಕ್ಷ್ಮಿದೇವಮ್ಮ ಮೂವತ್ತು ವರ್ಷದಿಂದ ಈ ಮನೆಯ ಹಿಪ್ಪುನೇರಳೆ ತೋಟಕ್ಕೆ ಸೊಪ್ಪು ಕೊಯ್ಯಲು ಬರುತ್ತಿದ್ದಳು. ಹೊರಗಿನವರ ಕಣ್ಣಿಗೆ ಕೂಲಿ. ಒಳಗೆ ಇಬ್ಬರಿಗೂ ಅದಕ್ಕಿಂತ ಸ್ವಲ್ಪ ಜಾಸ್ತಿ. ಮರುದಿನ ಇಬ್ಬರೂ ಹುಳುಮನೆಯ ಮುಂದೆ ಕೂತು ಸೊಪ್ಪು ಹೆಚ್ಚುವಾಗ ರಾಮಲಕ್ಷ್ಮಮ್ಮ ಕತ್ತಿಯ ಮೇಲೇ ಕಣ್ಣಿಟ್ಟು ಕೇಳಿದಳು.

"ನಿನ್ ಮಗಳು ಸಿಡ್ಲಘಟ್ಟಕ್ಕೆ ಓಡಾಡ್ತಾ ಅವಳಲ್ಲ, ಏನ್ ಸಮಾಚಾರ?"

"ಅವಳಿಗೇನು ಸಮಾಚಾರ ರಾಮಕ್ಕಾ. ಜೆರಾಕ್ಸು ಅಂತೆ, ಅದಂತೆ ಇದಂತೆ."

"ಜೆರಾಕ್ಸ್ ಅಂಗಡಿ ನಮ್ ಹೋಬಳೀಲೂ ಅದೆ."

"ಇರ್ಬೋದು. ನಾನೇನ್ ಕಂಡೆ. ನಾನು ಓದಿದೋಳಾ?"

"ಓದಿಲ್ದೋರೇ ಜಾಸ್ತಿ ಕಂಡಿರ್ತಾರೆ ಬಿಡು ಇವಾಗ."

ಲಕ್ಷ್ಮಿದೇವಮ್ಮ ತಲೆಯೆತ್ತಿದಳು. ಹಳೆಯ ಹೆಂಗಸಿನ ಸಣ್ಣ ಕಣ್ಣು. ಅದರಲ್ಲಿ ಏನಿದೆ ಎಂದು ಹೇಳುವುದು ಕಷ್ಟ. "ಯಾಕೋ ಇವತ್ತು ನಿಮ್ ಮಾತು ಒಂಥರಾ ಅದೆ," ಅಂದು ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಮಾತು ತಿರುಗಿಸುವುದಕ್ಕೆ ಎದ್ದಳು ಎಂದುಕೊಂಡಳು ರಾಮಲಕ್ಷ್ಮಮ್ಮ. ಮಾರನೇ ದಿನ ಲಕ್ಷ್ಮಿದೇವಮ್ಮ ಕೆಲಸಕ್ಕೆ ಬರಲಿಲ್ಲ. ಮೊಣಕಾಲು ನೋವು ಎಂದು ಹೇಳಿ ಕಳಿಸಿದಳು. ಮೊಣಕಾಲು ಮೂವತ್ತು ವರ್ಷದಿಂದಲೂ ನೋಯುತ್ತಿತ್ತು. ಹುಳು ಹಸಿದ ವಾರದಲ್ಲಿ ಮಾತ್ರ ಎಂದೂ ನೋಯುತ್ತಿರಲಿಲ್ಲ.

ಸಂಶಯ ಅನ್ನುವುದು ಒಂದು ಕಡೆ ನೋಡುತ್ತಿದ್ದರೆ ಇನ್ನೊಂದು ಕಡೆಯಿಂದ ಬಂದು ಬೆನ್ನ ಹಿಂದೆ ನಿಂತಿರುತ್ತದೆ. ಬುಧವಾರ ರಾಮಲಕ್ಷ್ಮಮ್ಮ ನೀರು ಸೇದಿಡಲು ಹಿತ್ತಲಿಗೆ ಹೋದಾಗ ಶಿರೀಷಾ ಗೋಡೆಯಾಚೆ ಫೋನಿನಲ್ಲಿ ತನ್ನ ತಾಯಿಯ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದಳು. "ಅತ್ತಕೇ ಇಷ್ಟಂ ಲೇದಮ್ಮಾ," ಅನ್ನುತ್ತಿದ್ದಳು. ಅತ್ತೆಗೇ ಇಷ್ಟವಿಲ್ಲ. ಆಫೀಸಿಗೆ ಹೇಳಿಕಳಿಸಿದವರು ಹೊರಗಿನವರೇ ಆಗಬೇಕೆಂದೇನೂ ಇಲ್ಲ ಅಂತ ಆ ಹುಡುಗಿ ದನಿ ತಗ್ಗಿಸಿ ಅಂದದ್ದು ಕೂಡ ಕೇಳಿಸಿತು. ರಾಮಲಕ್ಷ್ಮಮ್ಮನ ಕೈಯ ಕೊಡ ನೆಲಕ್ಕೆ ತಾಗಿ ಸದ್ದಾಯಿತು. ಆಚೆ ಮಾತು ನಿಂತಿತು. ಆ ಸಂಜೆ ಇಬ್ಬರೂ ಒಂದೇ ಒಲೆಯ ಮುಂದೆ ಅಡುಗೆ ಮಾಡಿದರು, ಉಪ್ಪು ಕೊಡು ಅನ್ನುವಷ್ಟನ್ನು ಬಿಟ್ಟರೆ ಬೇರೆ ಮಾತಿಲ್ಲ. ನಾನಾ, ಎಂದು ಅವಳಿಗೆ ಕೂಗಿ ಕೇಳಬೇಕೆನ್ನಿಸಿತು. ನಿನ್ನ ಅನ್ನ ಕೀಳುವವಳು ನಾನಾ? ಆದರೆ ಕೇಳಲಿಲ್ಲ. ಒಳಗೆಲ್ಲೋ ಒಂದು ಕಡೆ, ಆ ಹುಡುಗಿ ಹೋದರೆ ಹುಳುಮನೆಯಲ್ಲಿ ತಾನೊಬ್ಬಳೇ ಎಂಬ ಹೆದರಿಕೆ ಇದ್ದದ್ದು ನಿಜವೇ ಆಗಿತ್ತು. ಅದನ್ನು ಸೊಸೆ ಹೇಗೋ ಮೂಸಿ ಹಿಡಿದಿದ್ದಳು.

ಗುರುವಾರ ಹನ್ನೊಂದಕ್ಕೆ ಅಂಗನವಾಡಿ ಮೇಲ್ವಿಚಾರಕಿ ಶ್ಯಾಮಲಮ್ಮ ಬಂದರು. ಜೊತೆಗೆ ನಕ್ಷೆ ಸುರುಳಿ ಸುತ್ತಿಕೊಂಡು ಗ್ರಾಮಲೆಕ್ಕಿಗನಾಗಿ ಬಂದ ಹೊಸ ಹುಡುಗ. ಮನೆಯ ಮುಂದಿನ ಹೊಂಗೆ ಮರದ ಕೆಳಗೆ ಎರಡು ಕುರ್ಚಿ ಹಾಕಿದರು. ಮೇಗಳ ಬೀದಿಯವರು ಒಂದು ಕಡೆ ನಿಂತರು, ಕೆಳಗಳ ಬೀದಿಯವರು ಒಂದು ಕಡೆ. ನಡುವೆ ಶಿರೀಷಾ ಒಂದು ತುದಿಗೆ, ಸಂಘಮಿತ್ರ ಇನ್ನೊಂದು ತುದಿಗೆ. ಸಂಘಮಿತ್ರಳ ಹಿಂದೆ ಲಕ್ಷ್ಮಿದೇವಮ್ಮ. ಮೊಣಕಾಲು ಚೆನ್ನಾಗೇ ನಿಂತಿದೆಯಲ್ಲ ಎಂದುಕೊಂಡಳು ರಾಮಲಕ್ಷ್ಮಮ್ಮ.

"ಮೇಡಂ, ಮೊದ್ಲು ಇದನ್ನ ಹೇಳ್ಬಿಡಿ," ಅಂದಳು ತಡೆಯಲಾಗದೆ. "ತಕರಾರು ಹಾಕ್ದೋರು ಯಾರು?"

ಶ್ಯಾಮಲಮ್ಮ ಕನ್ನಡಕದ ಮೇಲಿಂದ ನೋಡಿದರು. "ಯಾರೂ ಹಾಕಿಲ್ಲಮ್ಮ. ನಿಮ್ ಸೊಸೆ ರೇಷನ್ ಕಾರ್ಡಲ್ಲಿ ಚಿಂತಾಮಣಿ ತಾಲ್ಲೂಕು ಅಂತ ಅದೆ. ಕೆಲಸ ಸಿಡ್ಲಘಟ್ಟ ತಾಲ್ಲೂಕಿಂದು. ಅಷ್ಟು ಕಾಣ್ಸಲ್ವಾ ನಮಗೆ?"

ಯಾರೂ ಇಲ್ಲ. ರಾಮಲಕ್ಷ್ಮಮ್ಮ ಆ ಮಾತನ್ನು ನಂಬಲು ನೋಡಿದಳು. ಆಗಲಿಲ್ಲ.

ನರಸಿಂಹಪ್ಪ ಮುಂದೆ ಬಂದ. "ಸರ್ವೆ ನಂಬರು ಬಿಡಿ ಮೇಡಂ. ನಮ್ ಊರಿನ ಎಲ್ಲೆ ಎಲ್ಲಿಗೆ ಅಂತ ಊರೋರ್ನ ಕೇಳಿ. ಕಾಗದಕ್ಕಿಂತ ಮುಂಚೆ ಊರಿತ್ತು."

"ಸರಿ. ಯಾರು ಹೇಳ್ತೀರಿ?"

ಯಾರು ಹೇಳಬೇಕು ಎಂಬುದರಲ್ಲಿ ಯರ್ರಕುಂಟೆಯಲ್ಲಿ ಎರಡು ಮಾತಿರಲಿಲ್ಲ. ವರ್ಷಕ್ಕೊಂದು ಮಂಗಳವಾರ ಗಂಗಮ್ಮನಿಗೆ ಪೂಜೆಯಾದ ಮೇಲೆ ಕೆಂಪು ಕಲಸಿದ ಅನ್ನವನ್ನು ಊರಿನ ಎಲ್ಲೆಯುದ್ದಕ್ಕೂ ಚೆಲ್ಲಿಕೊಂಡು ಬರುತ್ತಾರೆ. ಅದಕ್ಕೆ ಪೊಲಿ ಎನ್ನುತ್ತಾರೆ. ಬುಟ್ಟಿ ಹೊರುವವನು ಬಯ್ಯಪ್ಪ, ಅವನಿಗಿಂತ ಮುಂಚೆ ಅವನ ಅಪ್ಪ. ಪೊಲಿ ಹೋಗುವಾಗ ಹೆಂಗಸರು ನೋಡುವಂತಿಲ್ಲ. ಬಾಗಿಲು ಹಾಕಿಕೊಂಡು ಒಳಗಿರಬೇಕು. ಮದುವೆಯಾಗಿ ಬಂದ ವರ್ಷದಿಂದ ರಾಮಲಕ್ಷ್ಮಮ್ಮ ಊರಿನ ಎಲ್ಲೆಯನ್ನು ಕಿವಿಯಿಂದಲೇ ತಿಳಿದವಳು. "ಪೊಲೀ ಪೊಲೀ" ಎಂಬ ಕೂಗು ಅವರ ಮನೆಯ ಮುಂದೆ ಹಾದು, ಹಿತ್ತಲಾಚೆಯ ಓಣಿಯವರೆಗೂ ಹೋಗಿ, ಅಲ್ಲಿ ಬಲಕ್ಕೆ ತಿರುಗುತ್ತಿತ್ತು.

ಬಯ್ಯಪ್ಪ ಲಕ್ಷ್ಮಿದೇವಮ್ಮನ ಗಂಡ. ಸಂಘಮಿತ್ರಳ ಅಪ್ಪ.

ಇನ್ನೇನು ಹೇಳುತ್ತಾನೆ ಬಿಡು, ಎಂದುಕೊಂಡಳು ರಾಮಲಕ್ಷ್ಮಮ್ಮ. ಪೊಲಿ ಬೀದಿಯ ಈಚೆಗೇ ನಿಲ್ಲುತ್ತದೆ ಅಂದರೆ ಮುಗಿಯಿತು, ಮಗಳಿಗೆ ಕೆಲಸ. ಗಂಡಸರು ಇಲ್ಲ ಅನ್ನಬಹುದು, ಆದರೆ ಬುಟ್ಟಿ ಹೊತ್ತವನು ಅವನು. ಅವಳು ಅವನ ಬಾಯನ್ನೇ ನೋಡಿದಳು.

ಬಯ್ಯಪ್ಪ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದ. "ಪೊಲಿ ಇವ್ರ ಹಿತ್ಲು ದಾಟಿ ಓಣಿಗಂಟ ಹೋಗ್ತದೆ ಮೇಡಂ. ಓಣಿ ಆಚೆಗೆ ದೊಡ್ಡಿಪಲ್ಲಿ. ನಮ್ಮಪ್ಪನೂ ಅಲ್ಲೇ ತಿರುಗ್ತಿದ್ದ, ನಾನೂ ಅಲ್ಲೇ ತಿರುಗೋದು. ಈ ಇಪ್ಪತ್ತೆರಡು ಮನೇನೂ ನಮ್ಮೂರೇ."

"ಅಪ್ಪಾ," ಅಂದಳು ಸಂಘಮಿತ್ರ ಮೆಲ್ಲಗೆ.

"ಹೋಗೋದನ್ನ ಹೋಗ್ತದೆ ಅಂದೆ ಕಣಮ್ಮ. ದೇವರ ಅನ್ನ ಚೆಲ್ಲಿದ ಕೈ ಇದು."

ಮೇಗಳ ಬೀದಿಯ ಕಡೆ ಒಂದು ಸಮಾಧಾನದ ಗುಜುಗುಜು ಎದ್ದಿತು. ಶಿರೀಷಾ ಕಣ್ಣು ಮುಚ್ಚಿ ತೆರೆದಳು. ರಾಮಲಕ್ಷ್ಮಮ್ಮನಿಗೆ ಮಾತ್ರ ಹಗುರವಾಗಲಿಲ್ಲ. ಯಾಕೆ ಹೀಗೆ ಹೇಳಿದ? ಏನಿದೆ ಇದರ ಹಿಂದೆ? ಅವಳು ಲಕ್ಷ್ಮಿದೇವಮ್ಮನ ಕಡೆ ನೋಡಿದಳು. ಲಕ್ಷ್ಮಿದೇವಮ್ಮ ನೆಲ ನೋಡುತ್ತಿದ್ದಳು.

"ಅವ್ರು ಹೇಳಿದ್ದನ್ನ ಬರ್ಕೊಳ್ತೀನಿ," ಅಂದರು ಶ್ಯಾಮಲಮ್ಮ. "ಆದ್ರೆ ಫೈಲಲ್ಲಿ ಇದೊಂದು ಅದೆ. ಒಂಬತ್ತು ವರ್ಷದ ಹಿಂದಿನ ಅರ್ಜಿ. ನೀವೇ ಕೊಟ್ಟಿರೋದು." ಜೆರಾಕ್ಸು ಹಾಳೆ ಎತ್ತಿ ಓದಿದರು. "'ನಾವು ಮೊದಲಿನಿಂದಲೂ ದೊಡ್ಡಿಪಲ್ಲಿ ಗ್ರಾಮಕ್ಕೆ ಸೇರಿದವರಾಗಿದ್ದು, ಯರ್ರಕುಂಟೆ ಗ್ರಾಮಕ್ಕೂ ನಮಗೂ ಯಾವ ಸಂಬಂಧವೂ ಇರುವುದಿಲ್ಲ. ಆದಕಾರಣ ನಮ್ಮ ಮತಗಳನ್ನು...' ಅಂತ ಅದೆ."

ನರಸಿಂಹಪ್ಪ ಮರದ ಬುಡ ನೋಡತೊಡಗಿದ.

ಆ ವರ್ಷ ಯರ್ರಕುಂಟೆಯ ಪಂಚಾಯ್ತಿ ಸೀಟು ಪರಿಶಿಷ್ಟ ಜಾತಿಯ ಮಹಿಳೆಗೆ ಬಂದಿತ್ತು. ನಮ್ಮ ಬೀದಿಯವರು ಹೋಗಿ ಹೋಗಿ ಅವಳ ಹತ್ರ ಕೈಕಟ್ಟಿ ನಿಲ್ಲಬೇಕಾ ಎಂದು ಗಂಡಸರು ಇದೇ ಮನೆಯ ಜಗುಲಿಯಲ್ಲಿ ಕೂತು ಮಾತಾಡಿದ್ದರು. ಟೀ ಕೊಟ್ಟವಳು ರಾಮಲಕ್ಷ್ಮಮ್ಮ. ನರಸಿಂಹಪ್ಪ ದೊಡ್ಡಿಪಲ್ಲಿಯಲ್ಲಿ ತಾನೇ ನಿಂತ, ನಲವತ್ತು ವೋಟಿನಿಂದ ಸೋತ. ಯರ್ರಕುಂಟೆಯಲ್ಲಿ ಗೆದ್ದವಳು ಲಕ್ಷ್ಮಿದೇವಮ್ಮ. ಐದು ವರ್ಷ ಮೆಂಬರಾಗಿದ್ದಳು. ಐದು ವರ್ಷವೂ ಸೊಪ್ಪು ಕೊಯ್ಯಲು ಬಂದಳು. ಪಂಚಾಯ್ತಿಯಿಂದ ಬಂದ ಪ್ರತಿ ನೋಟೀಸನ್ನೂ ಸೆರಗಿನಲ್ಲಿ ಸುತ್ತಿಕೊಂಡು ತಂದು, "ಸ್ವಲ್ಪ ಓದಿ ಹೇಳಿ ರಾಮಕ್ಕಾ" ಎಂದು ಇದೇ ಹುಳುಮನೆಯ ಮುಂದೆ ಕೂರುತ್ತಿದ್ದಳು. ಮಗಳು ಆಗ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ರಾಮಲಕ್ಷ್ಮಮ್ಮ ಓದಿ ಹೇಳುತ್ತಿದ್ದಳು, ಇಲ್ಲಿ ಸೈನ್ ಮಾಡು ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಆ ಅರ್ಜಿಯ ಮಾತು ಇಬ್ಬರ ನಡುವೆ ಒಂದು ದಿನವೂ ಬಂದಿರಲಿಲ್ಲ. ಲಕ್ಷ್ಮಿದೇವಮ್ಮನಿಗೆ ಗೊತ್ತಿಲ್ಲ ಎಂದು ಅವಳು ನಂಬಿದ್ದಳು. ಗೊತ್ತಿಲ್ಲದೆ ಇರಲು ಹೇಗೆ ಸಾಧ್ಯ? ಊರಿಗೆ ಊರೇ ವೋಟು ಹಾಕುವ ದಿನ ಇಪ್ಪತ್ತೆರಡು ಮನೆಯವರು ಟ್ರ್ಯಾಕ್ಟರು ಹತ್ತಿ ಆಚೆಗೆ ಹೋಗಿದ್ದರು.

"ಹೆಂಗಸ್ರಲ್ಲಿ ಮೊದಲ್ನೇ ಸೈನು ನಿಮ್ದೇ ಅಲ್ವಾ?" ಶ್ಯಾಮಲಮ್ಮ ಹಾಳೆ ತಿರುಗಿಸಿದರು. "ಮಿಕ್ಕಿದ್ದೆಲ್ಲ ಹೆಬ್ಬೆಟ್ಟು."

ದುಂಡನೆಯ ಅಕ್ಷರ. ರಾಮಲಕ್ಷ್ಮಮ್ಮ. ಕೊನೆಯ 'ಮ್ಮ'ದ ಕೆಳಗೆ ಒಂದು ಗೆರೆ ಬೇರೆ ಎಳೆದಿದ್ದಳು, ಬಲು ಹೆಮ್ಮೆಯಿಂದ.

"ನನ್ದೇ."

ಮೇಲ್ವಿಚಾರಕಿ ದನಿ ತಗ್ಗಿಸಿದರು. ಕೆಟ್ಟ ಹೆಂಗಸಲ್ಲ. "ನೋಡಿಮ್ಮ, ಅದ್ರಲ್ಲಿ ಏನ್ ಬರ್ದಿತ್ತು ಅಂತ ಗೊತ್ತಿರ್ಲಿಲ್ಲ, ವೋಟಿನ ಚೀಟಿ ಅಂತ ಹೇಳಿ ಸೈನ್ ಹಾಕಿಸ್ಕೊಂಡ್ರು ಅಂತ ನೀವೊಂದು ಹೇಳಿಕೆ ಕೊಟ್ರೆ, ಬಯ್ಯಪ್ಪನವ್ರ ಮಾತೂ ಸೇರಿಸಿ ಮೇಲಕ್ಕೆ ಬರೀತೀನಿ. ಬಹುಶಃ ಆಗ್ತದೆ. ಗೊತ್ತಿದ್ದೇ ಮಾಡಿದ್ವಿ ಅಂದ್ರೆ ನನ್ ಕೈಲಿ ಏನೂ ಇಲ್ಲ. ಓದಿ ಸೈನ್ ಮಾಡಿದ್ರಾ?"

"ಅವ್ಳಿಗೇನ್ ಗೊತ್ತಾಗ್ತದೆ ಮೇಡಂ," ಅಂದ ನರಸಿಂಹಪ್ಪ ಬೇಗ ಬೇಗ. "ಹೇಳೇ. ಓದ್ಲಿಲ್ಲ ಅನ್ನು."

ಶಿರೀಷಾ ಅವಳನ್ನೇ ನೋಡುತ್ತಿದ್ದಳು. ಬೇಡುವ ನೋಟವಲ್ಲ ಅದು, ಕಾಯುವ ನೋಟ. ಏನು ಮಾಡುತ್ತೀಯೋ ನೋಡುತ್ತೇನೆ ಅನ್ನುವಂಥದ್ದು. ಓದಲಿಲ್ಲ ಎಂಬ ಮಾತು ರಾಮಲಕ್ಷ್ಮಮ್ಮನ ನಾಲಗೆಯ ತುದಿಗೆ ಬಂದಿತ್ತು. ಎಷ್ಟು ಸುಲಭದ ಮಾತು. ಕೆಲಸ ಮನೆಗೆ ಬರುತ್ತದೆ, ಸೊಸೆಯ ಮನಸ್ಸು ತಿಳಿಯಾಗುತ್ತದೆ, ಗಂಡನ ಮರ್ಯಾದೆ ಉಳಿಯುತ್ತದೆ. ಆಗ ಲಕ್ಷ್ಮಿದೇವಮ್ಮ ತಲೆಯೆತ್ತಿದಳು. ಐದು ವರ್ಷ ತನ್ನ ಕಾಗದಗಳನ್ನು ಓದಿಸಿಕೊಂಡ ಹೆಂಗಸು, ಓದಲಿಲ್ಲ ಅನ್ನಲು ಬಾಯಿ ತೆರೆಯುತ್ತಿರುವವಳನ್ನು ನೋಡುತ್ತಿದ್ದಳು. ಕೋಪವೂ ಇಲ್ಲ, ಏನೂ ಇಲ್ಲ. ಈ ಮಾತನ್ನೇ ನಿರೀಕ್ಷಿಸಿ ನಿಂತವಳ ಹಾಗೆ.

ಆ ನಿರೀಕ್ಷೆಯನ್ನು ರಾಮಲಕ್ಷ್ಮಮ್ಮನಿಗೆ ತಾಳಿಕೊಳ್ಳಲಾಗಲಿಲ್ಲ.

"ಓದಿದ್ದೆ," ಅಂದಳು. "ಎರಡು ಸಲ ಓದಿದ್ದೆ. ಯಾಕೆ ಬರ್ದಿದ್ದಾರೆ ಅಂತಾನೂ ಗೊತ್ತಿತ್ತು."

ನರಸಿಂಹಪ್ಪ ಹಲ್ಲು ಕಡಿದು ಏನೋ ಅಂದ. ಶಿರೀಷಾ ತಿರುಗಿ ಮನೆಯೊಳಗೆ ಹೋದಳು. ಬಾಗಿಲು ಹಾಕಿದ ಸದ್ದು ಕೂಡ ಆಗಲಿಲ್ಲ, ಅಷ್ಟು ಮೆಲ್ಲಗೆ ಹಾಕಿದಳು.

ಎರಡು ವಾರಕ್ಕೆ ಅಂತಿಮ ಪಟ್ಟಿ ಬಂತು, ಸಂಘಮಿತ್ರಳ ಹೆಸರಿನಲ್ಲಿ. ಶಿರೀಷಾಳಿಗೆ ದೊಡ್ಡಿಪಲ್ಲಿಯಲ್ಲಿ ಮುಂದೆ ಯಾವಾಗಲಾದರೂ ಖಾಲಿಯಾದರೆ ಅರ್ಜಿ ಹಾಕಬಹುದು ಎಂದು ಯಾರೋ ಹೇಳಿದರು. ಅಲ್ಲಿನ ಕಾರ್ಯಕರ್ತೆಗೆ ಮೂವತ್ತೆರಡು ವಯಸ್ಸು. ಶಿರೀಷಾ ಸೊಪ್ಪು ಹೆಚ್ಚುತ್ತಾಳೆ, ಕಸ ತೆಗೆಯುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಗಂಡ ನರೇಂದ್ರನ ಹತ್ತಿರ ಒಂದು ದಿನ ಹೇಳಿದಳಂತೆ: ನಿಮ್ಮಮ್ಮ ಸತ್ಯ ಹೇಳಿದ್ದೋ, ನನ್ನನ್ನ ಹುಳಕ್ಕೆ ಅಂತ ಮನೇಲೇ ಉಳಿಸ್ಕೊಂಡಿದ್ದೋ, ಯಾವ ದೇವರೂ ಹೇಳಕ್ಕಾಗಲ್ಲ. ಅವನು ಅದನ್ನು ಅಮ್ಮನಿಗೆ ತಂದು ಹೇಳಿದ. ರಾಮಲಕ್ಷ್ಮಮ್ಮ ತುಂಬಾ ಹೊತ್ತು ಯೋಚಿಸಿದಳು, ಅಲ್ಲ ಅನ್ನಲು ಒಂದು ಗಟ್ಟಿ ಕಾರಣ ಹುಡುಕಿದಳು.

ಹೊಸ ಹುಳು ತಂದ ದಿನ ಲಕ್ಷ್ಮಿದೇವಮ್ಮ ಕೆಲಸಕ್ಕೆ ಬಂದಳು. ಕರೆದಿರಲಿಲ್ಲ. ಬಂದು ಕತ್ತಿ ತೆಗೆದುಕೊಂಡು ಎದುರಿಗೆ ಕೂತಳು. ಇಬ್ಬರೂ ಎಳೆ ಸೊಪ್ಪನ್ನು ನೂಲಿನ ಹಾಗೆ ಸಣ್ಣಗೆ ಹೆಚ್ಚಿದರು. ಬಿಸಿಲು ಜಗುಲಿಯ ಮೇಲೆ ಬಂತು.

"ರಾಮಕ್ಕಾ, ಒಂದ್ ಮಾತು ಕೇಳ್ತೀನಿ. ಬೇಜಾರ್ ಮಾಡ್ಕೋಬಾರ್ದು."

"ಕೇಳು."

"ನಾನು ಮೆಂಬರಾಗಿದ್ದಾಗ ನೀವು ನನ್ ಕಾಗದ ಓದಿ ಹೇಳ್ತಿದ್ರಲ್ಲ." ಅವಳು ಕತ್ತಿ ನಿಲ್ಲಿಸಲಿಲ್ಲ. "ಪೂರ್ತಿ ಓದಿ ಹೇಳ್ತಿದ್ರಾ?"

"ಪೂರ್ತಿ ಓದ್ತಿದ್ದೆ ಕಣಮ್ಮ. ಆಣೆ."

"ಆಯ್ತು ಬಿಡಿ," ಅಂದಳು ಲಕ್ಷ್ಮಿದೇವಮ್ಮ. ಅಂದು, ಹೆಚ್ಚಿದ ಸೊಪ್ಪನ್ನು ಬುಟ್ಟಿಗೆ ತುಂಬಿಕೊಂಡಳು.

ರಾಮಲಕ್ಷ್ಮಮ್ಮ ಆ ಸಣ್ಣ ಕಣ್ಣುಗಳನ್ನು ನೋಡಿದಳು. ನಂಬಿದಳೋ ಇಲ್ಲವೋ ಎಂದು ಹುಡುಕಿದಳು. ನೋಟೀಸುಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಳ್ಳುತ್ತಾ ಹೋದಳು: ಚರಂಡಿಯದು, ಬೀದಿ ದೀಪದ್ದು, ಮನೆ ಹಂಚಿಕೆಯ ಪಟ್ಟಿಯದು. ಪೂರ್ತಿ ಓದಿದ್ದಳು, ಹಾಗೆಂದೇ ಅವಳ ನೆನಪು. ಆದರೆ ಆ ಅರ್ಜಿಯನ್ನೂ ಬರೀ ವೋಟಿನ ಕಾಗದ ಎಂದೇ ಒಂಬತ್ತು ವರ್ಷ ನೆನಪಿಟ್ಟುಕೊಂಡಿದ್ದವಳು ಅವಳೇ ಅಲ್ಲವೇ?

ಲಕ್ಷ್ಮಿದೇವಮ್ಮ ಬುಟ್ಟಿ ಎತ್ತಿಕೊಂಡು ಹುಳುಮನೆಯ ಒಳಗೆ ಹೋಗಿ ಆಗಿತ್ತು.